ಈರಣ್ಣ ಮಾತಾಡುವ ಹೊತ್ತು

ಕನ್ನಡದ ರೇಡಿಯೋ ಹುಟ್ಟಿದ್ದೇ ಮೇಷ್ಟ್ರೊಬ್ಬರ ಮನೆಯಲ್ಲಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಅವರಿಗೆ ಜೊತೆಯಾದ ನಾ. ಕಸ್ತೂರಿಯವರೂ ಮೇಷ್ಟ್ರೇ, ಮನೆಮಾತು ಮಲಯಾಳ, ನಗಿಸುತ್ತಿದ್ದುದು ಕನ್ನಡದಲ್ಲಿ. ಪಾಠ ಹೇಳುವ ಬಾಯಿಗೇ ನಗೆಮಾತೂ ಒಲಿಯುವುದು ನಮ್ಮ ರೇಡಿಯೋಗೆ ಹುಟ್ಟುಗುಣ.

ಬೆಂಗಳೂರಿನ ಶ್ರೀನಗರದ ನಮ್ಮ ವಠಾರಕ್ಕೆ ಆ ಬಾಯಿ ಈರಣ್ಣನದು. ಆಕಾಶವಾಣಿ ಈರಣ್ಣ ಎಂದೇ ಹೆಸರಾಗಿದ್ದ ಎ.ಎಸ್. ಮೂರ್ತಿಯವರು. ತಂದೆ ಎ.ಎನ್. ಸುಬ್ಬರಾಯರು 1919ರಲ್ಲಿ ಕಲಾಮಂದಿರ ಕಟ್ಟಿ ಚಿತ್ರ ಬರೆಯುವುದನ್ನು ಕಲಿಸಿದರೆ, ಮಗ ನಮ್ಮ ಪಕ್ಕದ ಹನುಮಂತನಗರದಲ್ಲಿ ‘ಅಭಿನಯ ತರಂಗ’ ಕಟ್ಟಿ ನಾಟಕ ಕಲಿಸಿದರು. ಬೀದಿನಾಟಕಗಳನ್ನೂ ಆಡಿಸಿದರು. ಅಂಥವರು ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿದ್ದಾರೆ ಅನ್ನುವುದೇ ನಮಗೆ ಹೆಮ್ಮೆ. ಒಮ್ಮೆಯೂ ಹೋಗಿ ಮಾತಾಡಿಸಲಿಲ್ಲ ಅನ್ನುವುದು ಬೇರೆ ವಿಷಯ.

ವಠಾರದಲ್ಲಿ ರೇಡಿಯೋ ಇದ್ದುದು ಎರಡು ಮನೆಗಳಲ್ಲಿ. ಅಪ್ಪ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಿ ಬರುತ್ತಿದ್ದರು. ಕೇಳುತ್ತಿದ್ದವರು ಮಾತ್ರ ಎಲ್ಲರೂ. ವಾಲ್ವ್ ಕಾದು ದನಿ ಬರುವಷ್ಟರಲ್ಲಿ ಪದ್ದಮ್ಮತ್ತೆ ನಲ್ಲಿ ನಿಲ್ಲಿಸಿ, ಸೊಂಟದಲ್ಲಿ ಕೊಡವಿಟ್ಟುಕೊಂಡೇ ನಮ್ಮ ಕಿಟಕಿಗೆ ಒರಗಿರುತ್ತಿದ್ದರು. ಈರಣ್ಣ ಒಂದು ಮಾತು ಎಸೆದರೆ ಮೊದಲು ನಗುತ್ತಿದ್ದುದು ಅಪ್ಪ. ಆಮೇಲೆ ಗೋಡೆಯಾಚೆಯ ರಾಯರು, ಯಾವಾಗಲೂ ಒಂದು ಕ್ಷಣ ತಡವಾಗಿ. ಅವರು ನಕ್ಕಿದ್ದಕ್ಕೆ ನಾವೆಲ್ಲ ಇನ್ನೊಮ್ಮೆ ನಗುತ್ತಿದ್ದೆವು. ಅಷ್ಟರಲ್ಲಿ ಈರಣ್ಣನ ಮುಂದಿನ ಮಾತು ತಪ್ಪಿಹೋಗಿರುತ್ತಿತ್ತು. ಚುರುಕು ಮಾತಿನ ಕಷ್ಟವೇ ಅದು, ಕಾಯುವುದಿಲ್ಲ. ‘ಏನಂದ ಏನಂದ’ ಎಂದು ಪದ್ದಮ್ಮತ್ತೆ ಕೇಳಿದರೆ ಅಪ್ಪ ತಾವೇ ಒಂದು ಕಟ್ಟಿ ಹೇಳಿಬಿಡುತ್ತಿದ್ದರು. ಈರಣ್ಣನದೆಂದು ನಾನು ಇವತ್ತಿಗೂ ಹೇಳಿಕೊಂಡು ತಿರುಗುವ ಮಾತುಗಳಲ್ಲಿ ಅಪ್ಪನವೆಷ್ಟೋ!

ಮೂರ್ತಿಯವರು 2012ರಲ್ಲಿ ತೀರಿಕೊಂಡರು. ಅಪ್ಪ, ರಾಯರು ಅದಕ್ಕೂ ಮುಂಚೆಯೇ. ವಠಾರವಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಅದರ ಗೋಡೆಗಳು ಏನನ್ನೂ ದಾಟಿಸುವುದಿಲ್ಲ.

ಮೊನ್ನೆ ಮಗಳು ಫೋನಿನಲ್ಲಿ ‘ಅವರ್ ಮಿಸ್ ಬ್ರೂಕ್ಸ್’ ಹಾಕಿಕೊಟ್ಟಳು. 1948ರಲ್ಲಿ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಶುರುವಾದ ನಗೆನಾಟಕ. ಈವ್ ಆರ್ಡನ್ ಎಂಬ ನಟಿ ಇಂಗ್ಲಿಷ್ ಮೇಡಂ ಆಗಿ, ಸಿಡುಕು ಪ್ರಿನ್ಸಿಪಾಲರಿಗೆ ತಣ್ಣಗೆ ತಿರುಗೇಟು ಕೊಡುತ್ತಾರೆ. ಎಪ್ಪತ್ತು ವರ್ಷ ದಾಟಿದರೂ ದನಿ ಸ್ಪಷ್ಟ, ಪ್ರೇಕ್ಷಕರ ನಗುವೂ ಸೇರಿ. ಸಂತೋಷದ ಜೊತೆ ಹೊಟ್ಟೆಯುರಿಯೂ ಆಯಿತು. ಈರಣ್ಣನ ದನಿ ನನ್ನ ಬಳಿ ಒಂದು ನಿಮಿಷದಷ್ಟೂ ಇಲ್ಲ. ಟೇಪ್ ರೆಕಾರ್ಡರ್ ಕೊಳ್ಳುವ ಹೊತ್ತಿಗೆ ನಾವು ಟೀವಿಗೆ ತಿರುಗಿದ್ದೆವು.

ಆದರೂ ಆ ಮೇಡಂ ಮಾತಿಗೆ ಜೋರಾಗಿ ನಕ್ಕೆ. ಕಿವಿಯಲ್ಲಿ ಇಯರ್‌ಫೋನು. ಅಡುಗೆಮನೆಯಿಂದ ಇವಳು ಇಣುಕಿದಳು. ‘ಏನ್ರೀ, ಒಬ್ರೇ ನಗ್ತಿದ್ದೀರಿ? ಬೆಳಗಿನ ಮಾತ್ರೆ ತಗೊಂಡ್ರಾ?’