ಪುಸ್ತಕವನ್ನೂ ಓದು, ತಮ್ಮಾ

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ‘ಐ ಆಮ್ ಲೆಜೆಂಡ್’ ನೋಡಿ, ನಾಯಿ ಸಾಯುವಾಗ ಅತ್ತುಬಿಟ್ಟೆ ಅಂತ ಬರೆದಿದ್ದೀಯ. ಸಿನಿಮಾನೇ ಇಷ್ಟು ಚೆನ್ನಾಗಿರುವಾಗ ಪುಸ್ತಕ ಯಾಕೆ ಓದಬೇಕಕ್ಕ ಅಂತಲೂ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಪುಸ್ತಕದ ಕೊನೆಯನ್ನೂ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಗೊತ್ತಿದ್ದು ಓದಿದರೂ ಅದು ಮೈ ನಡುಗಿಸುತ್ತದೆ.

ರಿಚರ್ಡ್ ಮ್ಯಾಥೆಸನ್ ಈ ಪುಸ್ತಕವನ್ನು ಬರೆದದ್ದು 1954ರಲ್ಲಿ. ಕತೆ ನಡೆಯುವುದು ಸಿನಿಮಾದ ಹಾಗೆ ನ್ಯೂಯಾರ್ಕಿನಲ್ಲಲ್ಲ, ಲಾಸ್ ಏಂಜಲೀಸ್‌ನಲ್ಲಿ, ಆಗಿನ್ನೂ ಬರಬೇಕಿದ್ದ 1976ರಲ್ಲಿ. ಅಲ್ಲಿಯ ನಾಯಕ ರಾಬರ್ಟ್ ನೆವಿಲ್ ಸಿನಿಮಾದ ವಿಲ್ ಸ್ಮಿತ್ ಥರ ಸೈನ್ಯದ ವಿಜ್ಞಾನಿಯಲ್ಲ, ಕಾರ್ಖಾನೆಗೆ ಹೋಗಿಬರುತ್ತಿದ್ದ ಸಾಮಾನ್ಯ ಮನುಷ್ಯ. ಹಗಲೆಲ್ಲ ಕಿಟಕಿಗೆ ಹಲಗೆ ಬಡಿಯುತ್ತಾನೆ, ಬೆಳ್ಳುಳ್ಳಿ ಪೋಣಿಸಿ ತೂಗುಹಾಕುತ್ತಾನೆ, ಮರದ ಗೂಟ ಚೂಪು ಮಾಡುತ್ತಾನೆ. ಕತ್ತಲಾದರೆ ಮನೆ ಸುತ್ತ ರೋಗ ತಗುಲಿ ರಕ್ತಪಿಶಾಚಿಗಳಾದವರು. ಅವರಲ್ಲೊಬ್ಬ ನೆರೆಮನೆಯ ಬೆನ್ ಕಾರ್ಟ್‌ಮನ್. ದಿನಾ ರಾತ್ರಿ ಹೆಸರು ಹಿಡಿದು, ಹೊರಗೆ ಬಾ ಎಂದು ಕೂಗುತ್ತಾನೆ. ಗುರುತಿನವನ ಬಾಯಲ್ಲಿ ಆ ಕರೆ! ಸಿನಿಮಾದ ಕಂಪ್ಯೂಟರ್ ರಾಕ್ಷಸರು ಎಷ್ಟು ಅರಚಿದರೂ ನನಗೆ ಅಷ್ಟು ಹೆದರಿಕೆಯಾಗಲಿಲ್ಲ.

ನಾಯಿಯ ವಿಷಯ ಹೇಳಿದೆಯಲ್ಲ. ಸಿನಿಮಾದ ಸ್ಯಾಮ್ ಮೊದಲಿನಿಂದಲೂ ಜೊತೆಗಿರುತ್ತದೆ. ಪುಸ್ತಕದಲ್ಲಿ ಬರುವುದು ಹೆದರಿದ ಬೀದಿನಾಯಿ. ನೆವಿಲ್ ವಾರಗಟ್ಟಲೆ ಹಾಲು, ಮಾಂಸ ಇಟ್ಟು ದೂರ ನಿಂತು ಕಾಯುತ್ತಾನೆ, ದಿನಕ್ಕೊಂದಿಷ್ಟು ಹತ್ತಿರವಾಗುತ್ತಾನೆ. ಕಡೆಗೆ ಅದು ಅವನ ಕೈ ನೆಕ್ಕುತ್ತದೆ. ಅದರ ಬೆನ್ನಲ್ಲೇ, ಒಂದು ವಾರದಲ್ಲಿ ಅದು ಸತ್ತಿತೆಂದು ಹೇಳಿ ಲೇಖಕ ಮುಂದೆ ಹೋಗಿಬಿಡುತ್ತಾನೆ. ನೀನು ಅಲ್ಲೂ ಅಳುತ್ತೀಯ, ನೋಡುತ್ತಿರು.

ಸಿನಿಮಾ ಮಾಡಿದ ಒಳ್ಳೆಯ ಕೆಲಸವನ್ನು ಮರೆಯಬಾರದು. ಹುಲ್ಲು ಬೆಳೆದ ಬೀದಿಗಳು, ಅಲ್ಲಿ ಓಡುವ ಜಿಂಕೆಗಳು, ವಿಡಿಯೋ ಅಂಗಡಿಯ ಗೊಂಬೆಗಳ ಜೊತೆ ನೆವಿಲ್ ಮಾತಾಡುವುದು — ಒಂಟಿತನವನ್ನು ನಿರ್ದೇಶಕ ಫ್ರಾನ್ಸಿಸ್ ಲಾರೆನ್ಸ್ ಚೆನ್ನಾಗಿ ಹಿಡಿದಿದ್ದಾರೆ. ನನ್ನ ತಕರಾರಿರುವುದು ಕೊನೆಯ ಬಗ್ಗೆ ಮಾತ್ರ.

ಪುಸ್ತಕದಲ್ಲಿ ರೋಗ ತಗುಲಿದವರೆಲ್ಲ ಸತ್ತವರಲ್ಲ. ಕೆಲವರು ಬದುಕಿದ್ದಾರೆ, ಮಾತ್ರೆಯಿಂದ ರೋಗವನ್ನು ಹತೋಟಿಯಲ್ಲಿಟ್ಟು ಹೊಸ ಸಮಾಜ ಕಟ್ಟುತ್ತಿದ್ದಾರೆ. ಹಗಲಲ್ಲಿ ಮಲಗಿದ್ದವರ ಎದೆಗೆ ಗೂಟ ಹೊಡೆಯುತ್ತ ಹೋದ ನೆವಿಲ್ ಇವರನ್ನೂ ಕೊಂದಿದ್ದಾನೆ. ಅವನ ಮನೆಗೆ ಬರುವ ರೂತ್ ಎಂಬ ಹೆಂಗಸಿನ ಗಂಡನನ್ನು ಕೊಂದವನೂ ಅವನೇ. ಕೊನೆಗೆ ಆ ಸಮಾಜದವರು ಅವನನ್ನು ಹಿಡಿದು ಸೆರೆಯಲ್ಲಿಡುತ್ತಾರೆ. ಅವನು ಕಿಟಕಿಯಿಂದ ನೋಡಿದಾಗ ಕೆಳಗೆ ನಿಂತ ಜನರ ಮುಖದಲ್ಲಿ ಭಯ ಕಾಣುತ್ತದೆ. ಅವರ ಮಕ್ಕಳಿಗೆ ಇನ್ನು ಮೇಲೆ ಹೇಳಿ ಹೆದರಿಸುವ ದೆವ್ವದ ಕತೆ ತಾನೇ ಎಂದು ಅವನಿಗೆ ಆಗ ತಿಳಿಯುತ್ತದೆ.

2007ರ ಸಿನಿಮಾದಲ್ಲಿ ಏನಾಯಿತು? ಅವನು ಗ್ರೆನೇಡ್ ಸಿಡಿಸಿ ಪ್ರಾಣ ಕೊಟ್ಟು, ಮದ್ದನ್ನು ಲೋಕಕ್ಕೆ ಕಳಿಸಿದ ಪುಣ್ಯಾತ್ಮನಾದ. ಕತೆಯ ಹೆಸರು ಅದೇ, ಅರ್ಥ ಪೂರಾ ತಲೆಕೆಳಗು.

ನನಗೆ ಹೆಚ್ಚು ಸಂಕಟವಾಗುವುದು, ಸಿನಿಮಾ ಸರಿಯಾದ ದಾರಿಯಲ್ಲೇ ಹೊರಟಿತ್ತು ಅನ್ನುವುದಕ್ಕೆ. ನೆವಿಲ್ ಒಬ್ಬ ಹೆಣ್ಣು ರೋಗಿಯನ್ನು ಬಲೆಗೆ ಹಾಕಿ ಎಳೆದುಕೊಂಡಾಗ, ಗಂಡೊಬ್ಬ ಮೈ ಸುಡುವ ಬಿಸಿಲಿಗೇ ಮುಖವೊಡ್ಡಿ ನುಗ್ಗುತ್ತಾನೆ, ನೆನಪಿದೆಯಾ? ಪ್ರಯೋಗಾಲಯಕ್ಕೆ ಬಂದ ನೆವಿಲ್, ಇವರಲ್ಲಿ ಮನುಷ್ಯ ಸ್ವಭಾವ ಉಳಿದೇ ಇಲ್ಲ ಎಂದು ದಾಖಲಿಸುತ್ತಾನೆ. ತನ್ನವಳಿಗಾಗಿ ಉರಿಯುತ್ತ ನಿಂತವನ ಬಗ್ಗೆ ಮಾಡಿದ ಟಿಪ್ಪಣಿ ಅದು! ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಅದೇ ಗಂಡು ಗಾಜಿನ ಮೇಲೆ ಚಿಟ್ಟೆ ಬರೆಯುತ್ತಾನೆ. ಆ ಹೆಣ್ಣಿನ ಮೈಮೇಲೆ ಚಿಟ್ಟೆಯ ಹಚ್ಚೆಯಿದೆ. ಅವಳನ್ನು ಕರೆದೊಯ್ಯಲು ಬಂದಿದ್ದಾನೆ ಅಷ್ಟೆ. ನೆವಿಲ್ ಅವಳನ್ನು ಒಪ್ಪಿಸಿ, ಗೋಡೆಯ ತುಂಬ ತಾನೇ ಅಂಟಿಸಿದ್ದ ಪ್ರಯೋಗಕ್ಕೊಳಗಾದವರ ಫೋಟೋಗಳನ್ನು ನೋಡುತ್ತ, ಕ್ಷಮೆ ಕೇಳುತ್ತಾನೆ. ಪೂರ್ವಪ್ರದರ್ಶನ ನೋಡಿದವರಿಗೆ ಇದು ಹಿಡಿಸಲಿಲ್ಲವೆಂದು ಬದಲಿಸಿದರು. ಆ ದೃಶ್ಯ ಆಮೇಲೆ ಡಿವಿಡಿಯಲ್ಲಿ ಬಂತು. ಅದರಲ್ಲಿ ನೆವಿಲ್ ಬದುಕಿ ಹೊರಟುಹೋಗುತ್ತಾನೆ, ಮ್ಯಾಥೆಸನ್ನನಷ್ಟು ಕಠೋರವಲ್ಲ. ಆದರೂ ಪುಸ್ತಕದ ಜೀವ ಅಲ್ಲಿದೆ.

ಪುಸ್ತಕದ ಕಾರ್ಟ್‌ಮನ್ ಏನಾದ ಗೊತ್ತಾ? ಹೊಸ ಸಮಾಜದ ಬಂದೂಕಿನವರು ಅವನನ್ನು ಛಾವಣಿಯ ಮೇಲೆ ಹೊಡೆದುರುಳಿಸುತ್ತಾರೆ. ವರ್ಷಗಟ್ಟಲೆ ಅವನನ್ನೇ ಕೊಲ್ಲಲು ಹುಡುಕಿದ್ದ ನೆವಿಲ್, ಕಿಂಡಿಯಿಂದ ನೋಡುತ್ತ ಮರುಗುತ್ತಾನೆ. ಇಡೀ ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ ಪುಟ ಇದು. ಮೂರು ಸಲ ಈ ಕತೆ ತೆರೆಗೆ ಬಂದಿದೆ, 1964, 1971, 2007ರಲ್ಲಿ. ಅವುಗಳಲ್ಲಿ ಪುಸ್ತಕಕ್ಕೆ ಹತ್ತಿರದ್ದು ವಿನ್ಸೆಂಟ್ ಪ್ರೈಸ್ ನಟಿಸಿದ ಕಪ್ಪು ಬಿಳುಪಿನ ಮೊದಲನೆಯದೇ.

ನನ್ನ ಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. ತೆಳ್ಳಗಿನ ಪುಸ್ತಕ, ಎರಡು ರಾತ್ರಿ ಸಾಕು. ಮೊದಲು ಅದನ್ನು ಓದು, ಆಮೇಲೆ ಸಿನಿಮಾದ ಆ ಇನ್ನೊಂದು ಕೊನೆಯನ್ನು ಹುಡುಕಿ ನೋಡು. ನೆವಿಲ್‌ಗೆ ಆದದ್ದು ನ್ಯಾಯವೋ ಅನ್ಯಾಯವೋ, ನಿನಗೆ ಅನಿಸಿದ್ದನ್ನು ನನಗೆ ಬರೆ.

ಇಂತಿ,
ನಿನ್ನ ಅಕ್ಕ