ತೀಳಮಾತಿಯ ಕರಿಮರಳು, ಬಿಳಿನೊರೆ

ಬನಹಟ್ಟಿಯ ನೆರೆಯಲ್ಲಿ ಹರಿಯುವ ಕೃಷ್ಣೆಯು ಮೂಡಲ ಕಡಲನ್ನು ಸೇರುವಳು. ಆದರೆ ನಮ್ಮ ಊರಿನ ಕುಟುಂಬಗಳು ಕಡಲನ್ನು ಕಾಣಲು ಹೊರಡುವುದು ಪಡುವಣಕ್ಕೆ. ಬೆಳಗಾವಿಯನ್ನು ದಾಟಿ, ಘಟ್ಟವನ್ನಿಳಿದು, ಕಾರವಾರದಿಂದ ಗೋವೆಯ ಗಡಿಯ ಮಾಜಾಳಿಗೆ ಸಾಗಿ, ಅಲ್ಲಿಯ ಗುಡ್ಡವನ್ನು ಕಾಲ್ನಡಿಗೆಯಿಂದ ದಾಟಿದರೆ ತೀಳಮಾತಿ ಎಂಬ ಪುಟ್ಟ ಕಡಲತೀರವು ಗೋಚರಿಸುತ್ತದೆ. ಕೊಂಕಣಿಯಲ್ಲಿ 'ತೀಳ್' ಎಂದರೆ ಎಳ್ಳು, 'ಮಾತಿ' ಎಂದರೆ ಮಣ್ಣು. ಹೆಸರಿಗೆ ತಕ್ಕಂತೆ ಇಲ್ಲಿಯ ಮರಳು ಕರಿಎಳ್ಳಿನಂತಹ ಸಣ್ಣ ಸಣ್ಣ ಹರಳು.

ನಡುಹಗಲಿನ ಬಿಸಿಲಿನಲ್ಲಿ ಆ ಹರಳುಗಳ ಮೇಲೆ ನೊರೆಯು ಹರಡುವುದನ್ನು ಕಂಡಾಗ ನಮಗೆ ನೆನಪಾದುದು ಕರಿಸೀರೆಗೆ ನೇಯ್ದ ಬಿಳಿಯ ಅಂಚು. ಕಣ್ಣು ಆ ಅಂಚಿನ ಎಳೆಎಳೆಯನ್ನೂ ಗುರುತಿಸುತ್ತದೆ, ಕ್ಯಾಮೆರಾ ಗುರುತಿಸದು. ತನ್ನೆದುರಿನ ದೃಶ್ಯವೆಲ್ಲವೂ ನಡುಬೂದು ಬಣ್ಣದ್ದೆಂದು ಅದು ಎಣಿಸುವುದರಿಂದ, ಕಪ್ಪು ಮರಳು ಹೆಚ್ಚಾಗಿ ತುಂಬಿದಾಗ ಬೆಳಕನ್ನು ಅಧಿಕವಾಗಿ ಒಳಗೊಳ್ಳುತ್ತದೆ. ಆಗ ನೊರೆಯು ಸುಣ್ಣ ಬಳಿದ ಗೋಡೆಯಂತೆ ಬರಿದಾಗುತ್ತದೆ.

ಇದಕ್ಕೆ ಪರಿಹಾರವುಂಟು. ಮೊಬೈಲಿನವರು ತೆರೆಯ ಮೇಲೆ ನೊರೆಯನ್ನು ಬೆರಳಿನಿಂದ ಮುಟ್ಟಿ, ಬೆಳಕನ್ನು ತುಸು ತಗ್ಗಿಸಬೇಕು. ದೊಡ್ಡ ಕ್ಯಾಮೆರಾ ಉಳ್ಳವರಿಗೆ ಹಳೆಯ ಸೂತ್ರವೇ ಸಾಕು: ಪ್ರಖರ ಬಿಸಿಲಿನಲ್ಲಿ ಐ.ಎಸ್.ಓ. 100 ಇದ್ದರೆ ಎಫ್ 16, ಶಟರ್ ವೇಗ ಸುಮಾರು 1/100 ಸೆಕೆಂಡು. ಹನಿಹನಿಯೂ ನಿಂತಂತೆ ಕಾಣಬೇಕಾದರೆ 1/1000ಕ್ಕೆ ಏರಿಸಿ, ಅದಕ್ಕೆ ತಕ್ಕಂತೆ ಎಫ್ 5ರ ಆಸುಪಾಸಿಗೆ ರಂಧ್ರವನ್ನು ಹಿಗ್ಗಿಸಬೇಕು. ಮರಳು ಇನ್ನಷ್ಟು ಕಪ್ಪಾದೀತು, ಆಗಲಿ. ಕಪ್ಪನ್ನು ಸ್ವಲ್ಪ ಮಟ್ಟಿಗೆ ಆಮೇಲೆ ತಿಳಿಗೊಳಿಸಬಹುದು, ಅಳಿದುಹೋದ ಬಿಳುಪಿನ ವಿವರವನ್ನು ಮರಳಿ ತರಲಾಗದು.

ಪಡುವಣ ತೀರದಲ್ಲಿ ಮುಂಜಾನೆಯ ಸೂರ್ಯನು ನಮ್ಮ ಬೆನ್ನಿಗಿರುವನು. ಅಲೆಯ ಬಣ್ಣ ನಿಚ್ಚಳ. ಇಳಿಹೊತ್ತಿನಲ್ಲಿ ಎದುರಿಗೆ ಬರುವನು. ಏಳುವ ಅಲೆಯ ತೆಳುತುದಿಯೊಳಗಿಂದ ಬೆಳಕು ಹಾಯ್ದು ಬರುವುದು. ಎರಡನ್ನೂ ನೋಡಿಯೇ ಮರಳಬೇಕು. ಚಿತ್ರದ ಗುಂಗಿನಲ್ಲಿ ಕಡಲಿಗೆ ಬೆನ್ನು ಕೊಟ್ಟು ನಿಲ್ಲಲಾಗದು. ಮಕ್ಕಳ ಕೈಯನ್ನು ಬಿಡಲಾಗದು. ಮಳೆಗಾಲದಲ್ಲಂತೂ ನೀರಿನ ಬಳಿ ಸುಳಿಯಲೇಬಾರದು.

ಇಷ್ಟೊಂದು ಜಾಗ್ರತೆ ಒಂದು ಚಿತ್ರಕ್ಕೇಕೆ ಎಂದು ಕೇಳುವವರುಂಟು. ಮಗ್ಗದ ಮುಂದೆಯೇ ಆಯುಷ್ಯ ಸವೆಸಿ, ಈಗ ಮೊಣಕಾಲು ನೋವಿನಿಂದ ಗುಡ್ಡ ಹತ್ತಲಾರದ ತಾಯಂದಿರು ನಮ್ಮ ಓಣಿಗಳಲ್ಲಿ ಎಷ್ಟೋ ಮಂದಿ. ಅವರ ಪಾಲಿಗೆ ಕಡಲೆಂದರೆ ಮೊಮ್ಮಕ್ಕಳು ತಂದು ತೋರಿಸುವ ಆ ಚಿತ್ರವೇ. ನೂಲಿನ ಎಳೆ ತಪ್ಪಿದರೆ ದೂರದಿಂದಲೇ ಕಂಡುಹಿಡಿಯುವ ಆ ಕಣ್ಣುಗಳಿಗೆ ನೊರೆಯ ಎಳೆಯೂ ಕಾಣಲಿ.