ಯಾರು ಯಾರ ಜೊತೆ ಮಾತಾಡಬೇಕು?

ಕಾಲು ಶತಮಾನದ ಹಿಂದೆ ನಾವು ಕಚೇರಿಯ ನೆಟ್‌ವರ್ಕನ್ನು ಭಾಗ ಮಾಡುತ್ತಿದ್ದುದು ಕಂಪ್ಯೂಟರು ಚುರುಕಾಗಲಿ ಎಂದು. ಈಗ ಭಾಗ ಮಾಡುವುದು ಒಂದು ಕಡೆ ಬಿದ್ದ ಬೆಂಕಿ ಇನ್ನೊಂದು ಕಡೆಗೆ ಹಬ್ಬದಿರಲಿ ಎಂದು. ಎರಡೂ ಕಾಲದಲ್ಲಿ ಈ ಕೆಲಸ ಮಾಡಿದ್ದೇನೆ. ಹಳೆಯ ಕಾಲ ಚೆನ್ನಾಗಿತ್ತು ಎನ್ನಲಾರೆ, ಅದರಲ್ಲಿ ಚೆನ್ನಾಗಿದ್ದದ್ದು ಕಡಿಮೆ. ಆದರೆ ಆಗ ಕಲಿತ ಒಂದು ಪಾಠ ಈಗಲೂ ಉಳಿದಿದೆ, ಅದನ್ನು ಹೇಳಬೇಕು.

1990ರ ದಶಕದ ಕೊನೆ. ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಚೇರಿ. ಕೆಳಮಹಡಿಯಲ್ಲಿ ಇನ್ನೂ ಕಪ್ಪು ಕೋಆಕ್ಸಿಯಲ್ ಕೇಬಲ್ಲೇ ಓಡುತ್ತಿತ್ತು. ಒಂದು ಎಳೆ 185 ಮೀಟರ್ ದಾಟುವಂತಿಲ್ಲ, ಅದಕ್ಕೆ 30ಕ್ಕಿಂತ ಹೆಚ್ಚು ಕನೆಕ್ಷನ್ ಕೊಡುವಂತಿಲ್ಲ, ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್ ಇರಲೇಬೇಕು. ಮೇಜು ಸರಿಸುವಾಗ ಒಂದು ಟಿ-ಕನೆಕ್ಟರ್ ಕಳಚಿದರೆ ಆ ಸಾಲಿನ ಕೆಲಸವೆಲ್ಲ ನಿಂತಿತು. ಮೇಲಿನ ಮಹಡಿಗೆ ಹಬ್ ಬಂದಿತ್ತು. ಎಸ್.ಪಿ. ರಸ್ತೆಯಿಂದ ತಂದ ಕನೆಕ್ಟರ್‌ಗಳನ್ನು ನಾವೇ ಕ್ರಿಂಪ್ ಮಾಡುತ್ತಿದ್ದೆವು. ವಿಳಾಸಗಳೆಲ್ಲ 192.168.1 ಎಂದು ಶುರುವಾಗುತ್ತಿದ್ದವು, ಮಾಸ್ಕ್ 255.255.255.0. ಯಾರನ್ನೂ ಕೇಳದೆ ಯಾವ ಕಚೇರಿ ಬೇಕಾದರೂ ಬಳಸಬಹುದಾದ ಇಂಥ ಖಾಸಗಿ ವಿಳಾಸಗಳ ನಿಯಮವನ್ನು 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಬರೆದಿಟ್ಟಿತ್ತು. ನಮ್ಮ 192.168.1 ಸಾಲಿನಲ್ಲಿ 254 ಯಂತ್ರಗಳಿಗೆ ಜಾಗವಿತ್ತು. ಲೆಕ್ಕಪತ್ರ, ಮಾರಾಟ, ಉಗ್ರಾಣ, ವಿನ್ಯಾಸ ಎಲ್ಲವನ್ನೂ ಅದರಲ್ಲೇ ತುಂಬಿದ್ದೆವು.

ಯಂತ್ರಗಳು ಹೆಚ್ಚಿದಂತೆ ಬೆಳಿಗ್ಗೆ ಹತ್ತರ ಹೊತ್ತಿಗೆ ಫೈಲ್ ತೆರೆಯುವುದೇ ಕಷ್ಟವಾಗತೊಡಗಿತು. ಕಾರಣ ಸರಳ. ಒಂದೇ ಸಾಲಿನಲ್ಲಿರುವ ಕಂಪ್ಯೂಟರು ಇನ್ನೊಂದನ್ನು ಹುಡುಕಲು ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ಈ ವಿಳಾಸ ಯಾರದು? ಮದುವೆ ಛತ್ರದಲ್ಲಿ ಯಾರೋ ‘ಶ್ರೀನಿವಾಸ ಎಲ್ಲಪ್ಪಾ’ ಎಂದು ಕೂಗಿದರೆ ಇಡೀ ಪಂಕ್ತಿ ತಲೆಯೆತ್ತಿ ನೋಡುವ ಹಾಗೆ, ಪ್ರತಿ ಯಂತ್ರವೂ ತನ್ನ ಕೆಲಸ ಬಿಟ್ಟು ಅದನ್ನು ಓದಬೇಕು. ಅದರ ಮೇಲೆ ವಿಂಡೋಸ್ 95 ಯಂತ್ರಗಳು ತಮ್ಮ ಹೆಸರನ್ನು ಸಾರುತ್ತಿದ್ದವು, ನೋವೆಲ್ ಸರ್ವರ್ ನಿಮಿಷಕ್ಕೊಮ್ಮೆ ತನ್ನ ಸೇವೆಗಳ ಪಟ್ಟಿ ಸಾರುತ್ತಿತ್ತು. ಹಬ್ ತೆಗೆದು ಸ್ವಿಚ್ ಹಾಕಿದಾಗ ಇಬ್ಬರ ಮಾತು ಒಂದೇ ಹೊತ್ತಿಗೆ ಬಂದು ಆಗುತ್ತಿದ್ದ ಡಿಕ್ಕಿಗಳು ನಿಂತವು, ಕೂಗಾಟ ನಿಲ್ಲಲಿಲ್ಲ. ಎಲ್ಲರಿಗೂ ಕೇಳುವ ಈ ಕೂಗನ್ನು, ಅಂದರೆ ಬ್ರಾಡ್‌ಕಾಸ್ಟನ್ನು, ಸ್ವಿಚ್ ತಡೆಯುವುದಿಲ್ಲ, ರೌಟರ್ ತಡೆಯುತ್ತದೆ. ಹಾಗಾಗಿ ಸಾಲನ್ನು ನಡುವೆ ರೌಟರ್ ಇರುವ ತುಂಡುಗಳಾಗಿ ಒಡೆಯುವುದೇ, ಅಂದರೆ ಸಬ್‌ನೆಟ್ ಮಾಡುವುದೇ ದಾರಿ.

ಅದರ ಗಣಿತ ಹಳೆಯದು. ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ 1985ರಲ್ಲೇ ಆರ್‌ಎಫ್‌ಸಿ 950ರಲ್ಲಿ ಅದರ ಕ್ರಮವನ್ನು ಬರೆದಿದ್ದರು. ಮಾಸ್ಕನ್ನು 255.255.255.192 ಮಾಡಿದರೆ ಒಂದು ಸಾಲು ನಾಲ್ಕಾಗುತ್ತದೆ: 0ಯಿಂದ 63, 64ರಿಂದ 127, 128ರಿಂದ 191, 192ರಿಂದ 255. ಪ್ರತಿ ಭಾಗದ ಮೊದಲ ವಿಳಾಸ ಆ ಭಾಗದ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ ಹೋದರೆ ಉಳಿಯುವುದು 62. ಅದರಲ್ಲೂ ಒಂದು ರೌಟರಿಗೆ. ಇಷ್ಟು ಲೆಕ್ಕ ಕಾಗದದ ಮೇಲೆ ಚಹಾ ಆರುವುದರೊಳಗೆ ಮುಗಿಯುತ್ತದೆ.

ಮುಗಿಯದ ಕೆಲಸ ಬೇರೆಯಿತ್ತು. ಯಾರ ಫೈಲನ್ನು ಯಾರು ತೆರೆಯುತ್ತಾರೆ, ಯಾರ ಪ್ರಿಂಟು ಎಲ್ಲಿ ಬರುತ್ತದೆ ಎಂದು ಮೇಜಿಂದ ಮೇಜಿಗೆ ಹೋಗಿ ಕೇಳಬೇಕಿತ್ತು. ಆಡಳಿತ ವಿಭಾಗ ಕೊಟ್ಟ ಪಟ್ಟಿಗೂ ನಿಜವಾಗಿ ನಡೆಯುತ್ತಿದ್ದುದಕ್ಕೂ ತಾಳೆಯಿರಲಿಲ್ಲ. ಉಗ್ರಾಣದವರ ದಾಸ್ತಾನು ಪಟ್ಟಿ ಅಚ್ಚಾಗುತ್ತಿದ್ದುದು ಲೆಕ್ಕಪತ್ರ ವಿಭಾಗದ 132 ಕಾಲಮ್ಮಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ, ಏಕೆಂದರೆ ಅಷ್ಟು ಅಗಲದ ಪ್ರಿಂಟರ್ ಬೇರೆ ಇರಲೇ ಇಲ್ಲ. ಯಾವ ಪಟ್ಟಿಯಲ್ಲೂ ಇದಿರಲಿಲ್ಲ, ಹೋಗಿ ಕೇಳಿದ್ದಕ್ಕೆ ತಿಳಿಯಿತು. ಲೆಕ್ಕಪತ್ರದ ಹಿರಿಯರೊಬ್ಬರು ನೇರವಾಗಿ ಕೇಳಿದರು: “ನಮ್ಮನ್ನ ಯಾಕ್ರೀ ಬೇರೆ ಹಾಕ್ತೀರಿ? ನಾವೇನು ಬೇರೆಯವರ ಫೈಲು ಕದ್ದು ನೋಡ್ತೀವಾ?”

“ಇಲ್ಲ ಮೇಡಂ. ಅವರ ಗಲಾಟೆ ನಿಮಗೆ ಕೇಳಬಾರದು ಅಂತ.”

ಆಗಿನ ಮಟ್ಟಿಗೆ ಅದು ಪೂರ್ತಿ ನಿಜ.

ಬದಲಾವಣೆಗೆ ಭಾನುವಾರವೇ ಬೇಕಿತ್ತು. ವಿಳಾಸ, ಮಾಸ್ಕ್, ಗೇಟ್‌ವೇ ಮೂರನ್ನೂ ಪ್ರತಿ ಯಂತ್ರದ ಮುಂದೆ ಕೂತು ಕೈಯಾರೆ ಬರೆಯಬೇಕು, ರೀಸ್ಟಾರ್ಟ್ ಆಗುವವರೆಗೆ ಕಾಯಬೇಕು. ನೆಟ್‌ಬ್ಯೂಯಿ ಮಾತ್ರ ಇದ್ದ ಯಂತ್ರಗಳು ರೌಟರ್ ದಾಟಲಾರವು, ಅವಕ್ಕೆ ಟಿಸಿಪಿ/ಐಪಿ ಹಾಕಬೇಕು. ನೆಟ್‌ವರ್ಕ್ ನೈಬರ್‌ಹುಡ್‌ನಲ್ಲಿ ಬೇರೆ ವಿಭಾಗದ ಹೆಸರುಗಳು ಕಾಣದಾಗುತ್ತವೆ, ಅದಕ್ಕೊಂದು ವಿನ್ಸ್ ಸರ್ವರ್ ಬೇಕು. ಸೋಮವಾರ ಬಂದವರಿಗೆ ಫೈಲು ಬೇಗ ತೆರೆಯಿತು. ನಮಗೆ ಬೇಕಿದ್ದುದೂ ಅಷ್ಟೇ.

1998ರಲ್ಲಿ 802.1ಕ್ಯೂ ಮಾನದಂಡ ಬಂತು, ಕೆಲವು ವರ್ಷಗಳಲ್ಲಿ ಅದನ್ನರಿತ ಸ್ವಿಚ್‌ಗಳು ನಮ್ಮಂಥ ಕಚೇರಿಗಳ ಕೈಗೂ ಎಟುಕಿದವು. ಪ್ರತಿ ಫ್ರೇಮಿಗೂ 12 ಬಿಟ್ಟಿನ ಒಂದು ಗುರುತು, ಹೀಗಾಗಿ ಒಂದೇ ಜಾಲದಲ್ಲಿ 4094 ವಿ-ಲ್ಯಾನ್‌ಗಳವರೆಗೆ, ಅಂದರೆ ತಂತಿ ಬದಲಿಸದೆ ಸ್ವಿಚ್ಚಿನಲ್ಲೇ ಬೇರ್ಪಡಿಸಿದ ಜಾಲಗಳವರೆಗೆ, ಮಾಡಬಹುದು. ಯಾರು ಯಾವ ಮಹಡಿಯಲ್ಲಿ ಕೂರುತ್ತಾರೆ ಎಂಬುದಕ್ಕೂ ಅವರು ಯಾವ ಸಬ್‌ನೆಟ್ಟಿನವರು ಎಂಬುದಕ್ಕೂ ಇದ್ದ ಗಂಟು ಬಿಚ್ಚಿತು. ವಿಳಾಸಗಳನ್ನು ತಾನೇ ಹಂಚುವ ಡಿಎಚ್‌ಸಿಪಿ ನಮ್ಮ ಕಚೇರಿಗೂ ಬಂದ ಮೇಲೆ ವಿಳಾಸ ಬರೆಯುವ ಭಾನುವಾರಗಳೂ ಮುಗಿದವು. ಅವು ಮುಗಿದದ್ದು ಒಳ್ಳೆಯದೇ ಆಯಿತು.

ಭಾಗ ಮಾಡುವ ಕಾರಣ ಬದಲಾದದ್ದು 2003ರಲ್ಲಿ. ಜನವರಿ 25ರಂದು ಸ್ಲ್ಯಾಮರ್ ಹರಡಿತು: 376 ಬೈಟಿನ ಹುಳು, ಯುಡಿಪಿ 1434ನೇ ಪೋರ್ಟಿನ ಮೂಲಕ ಎಸ್‌ಕ್ಯೂಎಲ್ ಸರ್ವರ್‌ಗಳಿಗೆ ನುಗ್ಗಿ, ಹತ್ತೇ ನಿಮಿಷದಲ್ಲಿ ಜಗತ್ತಿನಲ್ಲಿ ಸಿಕ್ಕಬಹುದಾಗಿದ್ದ ಬಹುಪಾಲು ಯಂತ್ರಗಳನ್ನು ಹಿಡಿಯಿತು. ಅದನ್ನು ನೋಡಿ ನಾವು ವಿಭಾಗ ವಿಭಾಗದ ನಡುವೆ ಬೇಡದ ಪೋರ್ಟ್‌ಗಳನ್ನು ಮುಚ್ಚಿದೆವು. ಆಗಸ್ಟ್‌ನಲ್ಲಿ ಬ್ಲಾಸ್ಟರ್ ಬಂತು, ಹೊರಗೆ ಸುತ್ತಿ ಬಂದ ಒಂದು ಲ್ಯಾಪ್‌ಟಾಪಿನೊಳಗೆ ಕೂತು. ಫೈರ್‌ವಾಲ್ ಇದ್ದುದು ಹೊರಬಾಗಿಲಲ್ಲಿ, ಹುಳು ಬಂದದ್ದು ಬ್ಯಾಗಿನಲ್ಲಿ. ಮಾರಾಟ ವಿಭಾಗದ ಪರದೆಗಳ ಮೇಲೆ 60 ಸೆಕೆಂಡಿನಲ್ಲಿ ಯಂತ್ರ ಬಂದ್ ಆಗುತ್ತದೆ ಎಂಬ ಎಣಿಕೆ ಶುರುವಾಯಿತು. ಲೆಕ್ಕಪತ್ರದಲ್ಲಿ ಆಗಲಿಲ್ಲ. ನಡುವಿನ 135ನೇ ಪೋರ್ಟ್ ಮುಚ್ಚಿತ್ತು, ಸಂಬಳದ ಕೆಲಸ ನಿಲ್ಲಲಿಲ್ಲ. ಗಲಾಟೆ ತಗ್ಗಿಸಲು ಎಳೆದ ಗೆರೆ ಅನಾಹುತವನ್ನೂ ತಡೆಯಿತು.

ಈಗಿನ ಕಚೇರಿಯಲ್ಲಿ ವೇಗದ ದೂರು ಅಪರೂಪ. ಆದರೆ ತಂತಿ ಚುಚ್ಚಿಕೊಂಡ, ವೈಫೈ ಹಿಡಿದ ವಸ್ತುಗಳಲ್ಲಿ ಕಂಪ್ಯೂಟರೇ ಅಲ್ಪಸಂಖ್ಯಾತ. ಸಿಸಿಟಿವಿ ಕ್ಯಾಮೆರಾ, ಬೆರಳಚ್ಚಿನ ಹಾಜರಿ ಯಂತ್ರ, ಸಭಾಕೊಠಡಿಯ ಟಿವಿ, ಎಲ್ಲರ ಫೋನು, ಬಂದವರ ಫೋನು. ಕ್ಯಾಮೆರಾ ಕೂರಿಸಿದವರು ಡಿಫಾಲ್ಟ್ ಪಾಸ್‌ವರ್ಡ್ ಬಿಟ್ಟು ಹೋಗಿರುತ್ತಾರೆ, ಅದರ ಸಾಫ್ಟ್‌ವೇರ್ ಅಪ್‌ಡೇಟ್ ಕಂಡಿರುವುದಿಲ್ಲ. ಅದು ಸಂಬಳದ ಸರ್ವರ್ ಇರುವ ಸಬ್‌ನೆಟ್ಟಿನಲ್ಲೇ ಇದ್ದರೆ ಸರ್ವರಿಗೆ ಹಾಕಿದ ಬೀಗಕ್ಕೆ ಬೆಲೆಯಿಲ್ಲ.

ಇದು ಬರಿಯ ಭಯವಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಗಿ ಆಸ್ಪತ್ರೆಯ ಗಣಕ ವ್ಯವಸ್ಥೆ ನಿಂತಿತು, ನೋಂದಣಿಯಿಂದ ಪ್ರಯೋಗಾಲಯದ ವರದಿಯವರೆಗೆ ಕೆಲಸ ಕೈಬರಹಕ್ಕೆ ಮರಳಿತು. ಮುಂದಿನ ತಿಂಗಳು ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಉತ್ತರದಲ್ಲಿ, ಪ್ರಾಥಮಿಕ ವಿಶ್ಲೇಷಣೆಯ ಪ್ರಕಾರ, ಕಾರಣವೆಂದು ಹೇಳಿದ್ದು ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದಿದ್ದುದನ್ನು. ಲೆಕ್ಕವಿಲ್ಲದಷ್ಟು ರೋಗಿಗಳು ಸಾಲಿನಲ್ಲಿ ನಿಂತಿರುವ ಆಸ್ಪತ್ರೆಯಲ್ಲಿ ಸಬ್‌ನೆಟ್ ಎಂಬುದು ತಂತ್ರಜ್ಞರ ಒಳಮಾತಾಗಿ ಉಳಿಯುವುದಿಲ್ಲ.

ಈಗ ಭಾಗ ಮಾಡುವುದು ಸುಲಭ, ಪರದೆಯ ಮೇಲೆ ನಾಲ್ಕು ಕ್ಲಿಕ್. ಆ ಸುಲಭವೇ ನನ್ನನ್ನು ಚಿಂತೆಗೆ ಹಚ್ಚಿದೆ. ನಾನು ನೋಡಿದ ಹಲವು ಕಚೇರಿಗಳಲ್ಲಿ ವಿ-ಲ್ಯಾನ್‌ಗಳು ಬೇಕಾದಷ್ಟಿವೆ, ಅವುಗಳ ನಡುವಿನ ನಿಯಮ ಮಾತ್ರ ಒಂದೇ: ಎಲ್ಲರಿಗೂ ಎಲ್ಲದಕ್ಕೂ ಅನುಮತಿ. ಏನೋ ಕೆಲಸ ಮಾಡಲಿಲ್ಲ ಎಂದು ಯಾರೋ ತೆರೆದದ್ದು, ಮತ್ತೆ ಮುಚ್ಚಿಲ್ಲ. ಹಾಗೆ ಮಾಡಿದ ಭಾಗ ಕೂಗಾಟವನ್ನು ತಗ್ಗಿಸುತ್ತದೆ, ಕಳ್ಳನನ್ನು ತಡೆಯುವುದಿಲ್ಲ. ನೆಟ್‌ವರ್ಕಿನ ಒಳಗಿದ್ದಾರೆಂದು ಯಾರನ್ನೂ ನಂಬಬಾರದು ಎನ್ನುವ ಝೀರೋ ಟ್ರಸ್ಟ್ ಬಂದ ಮೇಲೆ ಸಬ್‌ನೆಟ್ ಬೇಡ ಎನ್ನುವವರೂ ಇದ್ದಾರೆ. ಪ್ರತಿ ಸಲ ಗುರುತು ತೋರಿಸುವುದನ್ನು ಲ್ಯಾಪ್‌ಟಾಪಿಗೆ ಕಲಿಸಬಹುದು. ಹಾಜರಿ ಯಂತ್ರಕ್ಕೆ ಕಲಿಸುವುದು ಹೇಗೆ? ಅದಕ್ಕೆ ಗೆರೆಯೇ ಬೇಕು.

ಆಗ ಮೇಜಿಂದ ಮೇಜಿಗೆ ನಡೆದದ್ದು ಬೇರೆ ದಾರಿಯಿಲ್ಲದ್ದರಿಂದ. ಈಗ ಯಂತ್ರಗಳ ಮಾತುಕತೆಯನ್ನು ದಾಖಲಿಸುವ ಸಲಕರಣೆಗಳಿವೆ, ಅವು ಮನುಷ್ಯರಿಗಿಂತ ನಿಖರ. ಆದರೆ ನಡೆಯುತ್ತಿರುವ ಮಾತು ನಡೆಯಬೇಕಾದದ್ದೇ ಎಂಬುದನ್ನು ಅವು ಹೇಳಲಾರವು. ಅದನ್ನು ಕೆಲಸ ಮಾಡುವವರನ್ನೇ ಕೇಳಬೇಕು. ಮೂವತ್ತು ಜನರ ಕಚೇರಿಯಾದರೂ ಸರಿ: ಸಿಬ್ಬಂದಿಗೆ ಒಂದು, ಸರ್ವರಿಗೆ ಒಂದು, ಕ್ಯಾಮೆರಾ-ಹಾಜರಿ ಯಂತ್ರಗಳಿಗೆ ಒಂದು, ಅತಿಥಿಗಳಿಗೆ ಒಂದು. ನಡುವಿನದನ್ನೆಲ್ಲ ಮೊದಲು ಮುಚ್ಚಿ, ಕೇಳಿ ತಿಳಿದು ಬೇಕಾದಷ್ಟನ್ನೇ ತೆರೆಯಿರಿ. ತೆರೆದ ಪ್ರತಿಯೊಂದರ ಪಕ್ಕದಲ್ಲಿ ಯಾರಿಗಾಗಿ, ಯಾಕೆ, ಯಾವ ದಿನ ಎಂದು ಬರೆದಿಡಿ. ವರ್ಷಕ್ಕೊಮ್ಮೆ ಆ ಪಟ್ಟಿ ಹಿಡಿದು ಅವರ ಮೇಜಿಗೆ ಹೋಗಿ ಕೇಳಿ: ಇದು ಇನ್ನೂ ಬೇಕಾ? ಬೇಡ ಅಂದದ್ದನ್ನು ಅವತ್ತೇ ಮುಚ್ಚಿ.